ಹಲಸಿಗೆ ಸೀಟು ಸಿಕ್ಕ ಮಳೆಗಾಲ

ಪರದೆಯ ಮೇಲೆ ಕೆಂಪು ಸಾಲು ಬಂತು. ಜಾಗ ಸಾಲದು ಅಂತ.

ಮತ್ತೆ ಒತ್ತಿದೆ. ಮತ್ತೆ ಅದೇ ಕೆಂಪು ಸಾಲು. ಮೂರನೇ ಸಲ ಒತ್ತಲು ಹೋದಾಗ ಉಪಾಧ್ಯೆ ಸರ್ ನನ್ನ ಕೈ ಹಿಡಿದರು.

"ಬ್ಯಾಡೋ ಪರಶ್ಯಾ. ಹತ್ತು ಸಲ ಕೇಳಿದ್ರೂ ಅದು ಅದನ್ನ ಹೇಳತೈತಿ."

"ಜಾಗ ಐತಲ್ರೀ ಸರ. ಗ್ವಾಡಿ ಮ್ಯಾಲೆ ನೀವ ಬರದೀರಿ. ಕೂಡಿಸಿ ನೋಡ್ರಿ."

ಸರ್ ಗೋಡೆ ನೋಡಿದರು. ಸ್ಕೆಚ್ ಪೆನ್ನಿನಲ್ಲಿ ಅವರೇ ಬರೆದ ಲೆಕ್ಕ ಅಲ್ಲಿತ್ತು. ಎಂಟು ಮಷೀನುಗಳೂ ಹೊಸ ಡಬ್ಬಿಯಲ್ಲಿ ಹಿಡಿಸಿ ಇನ್ನೂ ಅರ್ಧದ ಹತ್ತಿರ ಜಾಗ ಉಳಿಯಬೇಕಿತ್ತು. ಏಳು ಒಳಗೆ ಹೋಗಿದ್ದವು. ಎಂಟನೆಯದು ಹೊರಗೇ ನಿಂತಿತ್ತು. ಆ ಎಂಟನೆಯದೇ ಮುಖ್ಯವಾದದ್ದು.

ಅದು ನಮ್ಮ ಆಗಿನ ಸರ್ವರ್ ಕೋಣೆ. ಹೋದ ವಾರ ಅಲ್ಲಿಗೆ ಒಂದು ಏಣಿ ತರಲು ಹೋಗಿದ್ದೆ. ಈಗ ಅಲ್ಲಿ ಹಳೇ ಗಾದಿ, ಮುರಿದ ಗಾಲಿಕುರ್ಚಿ ತುಂಬಿದ್ದಾರೆ. ಬಾಗಿಲು ತೆಗೆದೆ. ಹಸಿ ಗೋಡೆಯ ವಾಸನೆ, ಅದರ ಜೊತೆ ಸುಟ್ಟ ಧೂಳಿನ ವಾಸನೆ. ಗೋಡೆಯ ಮೇಲೆ ಸರ್ ಬರೆದ ಲೆಕ್ಕ ಇನ್ನೂ ಇತ್ತು. ಆ ಮಳೆಗಾಲ ಪೂರ್ತಿ ನೆನಪಾಯಿತು. ಏಣಿ ಮರೆತು ಬಂದೆ.

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಆಸ್ಪತ್ರೆ. ಹೆಸರು ಬೇಡ. ಖಾನಾಪುರದಲ್ಲಿ ಅದರದೇ ಒಂದು ಸಣ್ಣ ಶಾಖೆ. ಎರಡಕ್ಕೂ ಸೇರಿ ಕಂಪ್ಯೂಟರ್ ಕೆಲಸಕ್ಕೆ ನಾವಿಬ್ಬರು. ಉಪಾಧ್ಯೆ ಸರ್ ಮತ್ತು ನಾನು. ನಾನು ಹತ್ತನೇ ಫೇಲು. ಮೊದಲು ಕೇಬಲ್ ಎಳೆಯುವ ಕೆಲಸಕ್ಕೆ ಬಂದವನು, ಆಮೇಲೆ ಇಲ್ಲೇ ಉಳಿದೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ, ಅರ್ಥ ಅರ್ಧ ಆಗುತ್ತದೆ. ಆ ಅರ್ಧದಿಂದಲೇ ಈ ರಾಮಾಯಣ ಆಗಿದ್ದು.

ನಮ್ಮ ಎರಡು ಸರ್ವರುಗಳ ಒಳಗೆ ಎಂಟು ಕಂಪ್ಯೂಟರುಗಳಿದ್ದವು. ಕೈಯಲ್ಲಿ ಮುಟ್ಟುವಂಥವಲ್ಲ. ವರ್ಚುವಲ್ ಮಷೀನ್ ಅಂತಾರೆ. ಒಂದು ಎಕ್ಸ್‌ರೇ ವಿಭಾಗದ್ದು, ಒಂದು ಆಫೀಸಿನದು, ಒಂದು ಔಷಧ ಸ್ಟೋರಿನದು, ಹೀಗೆ. ಓಡುವುದು ಸರ್ವರಿನಲ್ಲಿ. ಅವುಗಳ ಗಂಟುಮೂಟೆ ಎಲ್ಲ ಇರುವುದು ಬಾಜು ಇರುವ ಸ್ಟೋರೇಜ್ ಡಬ್ಬಿಯಲ್ಲಿ. ಸರ್ ಅವರ ಹೆಂಡತಿಯ ತವರು ಖಾನಾಪುರದ ಕಡೆ. ಹಾಗಾಗಿ ಮಷೀನುಗಳಿಗೆಲ್ಲ ಆ ತಾಲೂಕಿನ ಊರಿನ ಹೆಸರು. ಆಫೀಸಿನ ಮಷೀನ್ ಗುಂಜಿ. ಅದು ನನ್ನ ಊರು. ಸ್ಟೋರಿನದು ನಂದಗಡ. ಎಲ್ಲಕ್ಕಿಂತ ಹಳೆಯದು ಹಲಸಿ. ಖಾನಾಪುರ ಶಾಖೆಗೆ ಬಂದ ಪ್ರತಿ ರೋಗಿಯ ರಕ್ತದ ರಿಪೋರ್ಟು, ಸ್ಕ್ಯಾನಿಂಗು, ಎಲ್ಲ ಹಲಸಿಯಲ್ಲಿ.

ಹಳೇ ಡಬ್ಬಿಯಲ್ಲಿ ಹನ್ನೆರಡು ತಿರುಗುವ ಡಿಸ್ಕುಗಳು. ಒಂದು ಸತ್ತರೆ ಡಬ್ಬಿ ತಡೆದುಕೊಳ್ಳುತ್ತದೆ. ಎರಡು ಸತ್ತರೆ ಎಲ್ಲ ಹೋಯಿತು. ಮಳೆ ಹಿಡಿದ ವಾರದಲ್ಲೇ ಒಂದು ಸತ್ತಿತು. ಅಷ್ಟು ಹಳೇ ಡಿಸ್ಕು ಈಗ ಯಾರೂ ಮಾರುವುದಿಲ್ಲ. ಕಾಪಿ ಇರಲಿಲ್ಲವೇ ಅಂತ ಕೇಳುತ್ತೀರಿ. ಇತ್ತು. ಆದರೆ ಹಲಸಿಯ ಕಾಪಿ ಮಾತ್ರ ಅರ್ಧಕ್ಕೇ ಕಡಿದುಹೋಗುತ್ತಿತ್ತು. ಪೂರ್ತಿ ಕಾಪಿ ಆಗಿ ನಾಲ್ಕು ತಿಂಗಳಾಗಿತ್ತು.

ಹೊಸ ಡಬ್ಬಿ ಬಂತು. ತಿರುಗುವ ಡಿಸ್ಕೇ ಇಲ್ಲ, ಎಲ್ಲ ಚಿಪ್. ಸದ್ದಿಲ್ಲ. ಅಂಗೈ ಇಟ್ಟರೆ ತಣ್ಣಗೆ. ಇದನ್ನು ನಡೆಸುವ ಪದ್ಧತಿಯೂ ಬೇರೆ. ಹಳೆಯದರಿಂದ ಇದಕ್ಕೆ ಎಂಟೂ ಮಷೀನುಗಳನ್ನು ಸಾಗಿಸಬೇಕು. ಪುಣೆಯ ಕಂಪನಿಯವರು ಬಂದು ಮಾಡುತ್ತೇವೆ ಅಂದರು, ಆದರೆ ಹದಿನೈದು ದಿನ ಬಿಟ್ಟು. ಸರ್ ಮ್ಯಾನೇಜರ್ ಮುಂದೆ ಹೋಗಿ ನಿಂತು, ಹದಿನೈದು ದಿನ ಹಳೇ ಡಬ್ಬಿ ಉಳಿಯುವುದಿಲ್ಲ, ನಾವೇ ಮಾಡುತ್ತೇವೆ ಅಂದುಬಿಟ್ಟರು.

"ರಾತ್ರಿ ಮಾಡೂಣ್ರಿ ಸರ, ಮಂದಿ ಇರೂದಿಲ್ಲ" ಅಂದೆ ನಾನು.

"ರಾತ್ರಿ ಮಾಡಾಕ ನಾವೇನು ಕಳ್ಳರೇನೋ? ಹಗಲಾಗ ಮಾಡೂಣು. ಮಂದಿ ಕೆಲಸದ ಮ್ಯಾಲೆ ಇರತಾರ. ಏನರ ಕೆಟ್ಟರ ತಕ್ಷಣ ಫೋನ ಮಾಡಿ ಬೈತಾರ, ಗೊತ್ತಾಗತೈತಿ."

ಅದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಗೊತ್ತಿತ್ತು. ಸರ್ ಜೈನರು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಸಂಜೆ ಆರಕ್ಕೆ ಊಟದ ಡಬ್ಬಿ ಬಿಚ್ಚಿ, ಆರೂವರೆಗೆ ಮುಗಿಸಿ, ಕೈ ತೊಳೆದು ಬಿಡುತ್ತಿದ್ದರು. ಮಳೆಗಾಲದಲ್ಲಿ ಬೆಳಗಾವಿಯಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೆ? ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ಹೊತ್ತು ನೋಡಿಕೊಳ್ಳುತ್ತಿದ್ದರು.

ಮೊದಲ ಮಷೀನ್ ದಾಟಿದ್ದು ನನ್ನ ಕೈಯಿಂದಲೇ. ಎಕ್ಸ್‌ರೇದವರದು. ಅವರು ಅಲ್ಲಿ ಫೋಟೋ ತೆಗೆಯುತ್ತಲೇ ಇದ್ದರು. ಇಲ್ಲಿ ಅವರ ಕಂಪ್ಯೂಟರಿನ ಗಂಟುಮೂಟೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಮನೆ ಖಾಲಿ ಮಾಡುವಾಗ ಒಲೆ ಕೊನೆಗೆ ಆರಿಸುತ್ತಾರಲ್ಲ, ಇಲ್ಲಿ ಆರಿಸುವುದೇ ಇಲ್ಲ. ಒಲೆ ಉರಿಯುತ್ತಿರುವಾಗಲೇ, ಮೇಲಿನ ಪಾತ್ರೆಯ ಸಮೇತ ಹೊಸ ಮನೆಗೆ ಹೋಗುತ್ತದೆ. ನಡುವೆ ಹೊಸದಾಗಿ ಬರೆದದ್ದೆಲ್ಲ ಎರಡೂ ಕಡೆ ಬರೆಯಲಾಗುತ್ತದೆ. ಎರಡೂ ಒಂದೇ ಸಮ ಆದ ಗಳಿಗೆಗೆ ಒಂದು ಜಿಗಿತ. ಮುಗಿಯಿತು. ನೂರು ಅಂತ ಬಂದಾಗ ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ. ಎಕ್ಸ್‌ರೇ ವಿಭಾಗದ ತನಕ ಓಡಿ ಬಾಗಿಲಲ್ಲಿ ಇಣುಕಿದೆ. ಯಾರಿಗೂ ಏನೂ ಗೊತ್ತಿಲ್ಲ. ಒಬ್ಬರ ಮೊಣಕಾಲಿನ ಫೋಟೋ ನಡೆದಿತ್ತು. ಆ ಖುಷಿ ನಾನು ಯಾವ ಪರೀಕ್ಷೆಯಲ್ಲೂ ಕಂಡಿರಲಿಲ್ಲ.

ನಾಲ್ಕು ದಿನದಲ್ಲಿ ಏಳು ದಾಟಿದವು. ಐದನೇ ದಿನ ಹಲಸಿ. ಆಗ ಆ ಕೆಂಪು ಸಾಲು.

ಸರ್ ಗೋಡೆಯ ಲೆಕ್ಕವನ್ನು ಇನ್ನೊಮ್ಮೆ ಕೂಡಿಸಿ ನೋಡಿದರು. ಆಮೇಲೆ ಅಂದರು: "ಯಾಕ ತುಂಬೇತಿ ಅಂತ ಆಮ್ಯಾಲ ನೋಡೂಣು. ಮೊದಲ ಜಾಗ ಬೇಕು. ಖಾನಾಪುರದಾಗ ಒಂದ ಹಳೇ ಸರ್ವರ್ ಬಿದ್ದೈತಲ್ಲ, ಅದರಾಗ ಡಿಸ್ಕ್ ಚಲೋ ಅದಾವ. ಹೋಗಿ ತಗೊಂಬಾ."

"ಹಲಸಿನ ಅದರಾಗ ಹಾಕೂದೇನ್ರಿ?"

"ಅದೂ ತಿರುಗೂ ಡಿಸ್ಕ್, ಇದೂ ತಿರುಗೂ ಡಿಸ್ಕ್. ಒಂದ ಮುರಕಲ ಮಂಚದ ಮ್ಯಾಲಿಂದ ಎತ್ತಿ ಇನ್ನೊಂದರ ಮ್ಯಾಲೆ ಮಲಗಸ್ತಾರೇನು? ಸಣ್ಣ ಮಷೀನ ಒಂದೆರಡು ಅಲ್ಲಿಗೆ ತೆಗದು, ಹಲಸಿಗೆ ಹೊಸದರಾಗ ಜಾಗ ಮಾಡೂಣು."

ಖಾನಾಪುರದಲ್ಲಿ ಮಳೆ ಅಂದರೆ ಮಳೆ. ಬಸ್ಸಿನಿಂದ ಇಳಿದು ಆಸ್ಪತ್ರೆ ಮುಟ್ಟುವುದರೊಳಗೆ ಚಡ್ಡಿ ತನಕ ತೊಯ್ದೆ. ಅಲ್ಲಿ ಎಲ್ಲ ನಡೆಸುವವರು ಸುಮನಕ್ಕ. ರೋಗಿಗಳ ಹೆಸರು ಬರೆಯುವುದು, ರಿಪೋರ್ಟು ಹಾಕುವುದು, ಬೈಯುವುದು, ಎಲ್ಲ ಅವರೇ. ಮನೆಯಲ್ಲಿ ಮರಾಠಿ, ಹೊರಗೆ ಎರಡೂ.

"ಕಾಯ ರೇ ಪರಶ್ಯಾ, ಈಸಕೋಂತ ಬಂದ್ಯೇನು?"

ಹಳೇ ಸರ್ವರ್ ಹಿಂದಿನ ಕೋಣೆಯಲ್ಲಿತ್ತು. ಗುರುತೇ ಸಿಗಲಿಲ್ಲ. ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಗಣಪತಿ ಫೋಟೋ, ಮುಂದೆ ಊದಿನಕಡ್ಡಿಯ ಬೂದಿ.

"ಅಕ್ಕಾ, ಇದು ಸರ್ವರ್ರೀ."

"ನಮಗದು ದೇವರ ಕಟ್ಟಿ. ಮೂರು ವರ್ಷ ಆತು. ಒಯ್ಯಾಕ ಬಂದ್ರ ಮೊದಲ ದೇವರಿಗೆ ಬ್ಯಾರೆ ಜಾಗಾ ಕೊಡು."

ಕೊಟ್ಟೆ. ಸ್ಟೂಲ್ ಹುಡುಕಿ, ಒರೆಸಿ, ದೇವರನ್ನು ಕೂರಿಸಿದೆ. ಮಳೆ ತಾಗದಂತೆ ಸರ್ವರಿಗೆ ತಾಡಪತ್ರಿ ಸುತ್ತಿದೆವು. ಹಗ್ಗ ಬಿಗಿಯುವಾಗ ಸುಮನಕ್ಕ ನಗು ಬಿಟ್ಟು ಕೇಳಿದರು: "ಹಲಸಿ ಉಳಿತೈತೇನೋ ಖರೇ?"

"ಉಳಿತೈತ್ರಿ."

"ನೋಡು, ಇಲ್ಲಿ ಬಸುರಿ ಹೆಣ್ಮಕ್ಕಳು ಅಡವ್ಯಾಗಿಂದ ಬರತಾರ. ಕೈಯಾಗ ಕೊಟ್ಟ ಚೀಟಿ ಮಳ್ಯಾಗ ತೊಯ್ದು ಹೋಗಿರತೈತಿ. ರಕ್ತ ಯಾವ ಗುಂಪು, ಹೋದ ಸಲ ಏನಾಗಿತ್ತು, ಎಲ್ಲಾ ಅದರಾಗ ಐತಿ. ಅದು ಹೋದ್ರ ನಾ ಯಾರನ್ನ ಕೇಳಲಿ? ನಿನ್ನ ಅಕ್ಕಂದೂ ಅದರಾಗ ಐತಿ, ಮರೀಬ್ಯಾಡ."

ಮರೆತಿರಲಿಲ್ಲ. ಗುಂಜಿಯಲ್ಲಿ ನನ್ನ ಅಕ್ಕನಿಗೆ ಆಗ ಎಂಟು ತಿಂಗಳು.

"ಹಲಸಿನ ಅಲ್ಲಿಂದ ಎಬ್ಬಸೂ ಮುಂದ ನನಗ ಹೇಳು" ಅಂದರು ಸುಮನಕ್ಕ. "ಹಾಳಿ, ಪೆನ್ನು ತಯಾರ ಇಟ್ಟಿರತೇನಿ. ಬಂದ್ ಬಿದ್ದರ ಕೈಲೆ ಬರೀತೇನಿ."

ಬಸ್‌ಸ್ಟ್ಯಾಂಡಿನಲ್ಲಿ ಜನವೋ ಜನ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್, ಚೀಲ ಹಾರುತ್ತವೆ. ನಾನೂ ಟವಲ್ ಎಸೆದೆ. ಎರಡು ಸೀಟು, ಒಂದು ನನಗೆ, ಒಂದು ಸರ್ವರಿಗೆ. ಕಿಟಕಿಯ ಬದಿ ಸರ್ವರನ್ನು ಕೂರಿಸಿ ಕೈ ಅಡ್ಡ ಹಿಡಿದು ಕುಳಿತೆ.

"ಏನೋ ಅದು, ಆಡು ಕಟಗೊಂಡ ಬಂದೀಯೇನು?" ಅಂದ ಕಂಡಕ್ಟರ್.

"ಕಂಪ್ಯೂಟರ್ರೀ. ದವಾಖಾನಿದು."

"ಎರಡ ಟಿಕೀಟ ಆಗತೈತಿ."

"ಅದಕ್ಕ ಅರ್ಧಾ ಮಾಡ್ರಿ. ಇನ್ನೂ ಸಣ್ಣದೈತಿ."

ಕಂಡಕ್ಟರ್ ಪೂರಾ ಟಿಕೀಟನ್ನೇ ಹರಿದ.

ನಮ್ಮ ಮುಂದೆ ಟೊಪ್ಪಿಗೆಯವರೊಬ್ಬರು ಕುಳಿತಿದ್ದರು. ಟೊಪ್ಪಿಗೆ ಈಗ ತಲೆಯ ಮೇಲೆ ಇರಲಿಲ್ಲ, ಒಂದು ಸೀಟಿನ ಮೇಲಿತ್ತು. ಇನ್ನೊಂದರ ಮೇಲೆ ಟವಲ್. ಮತ್ತೊಂದರ ಮೇಲೆ ಕೊಡೆ. ಆಚೆ ಚೀಲ. ತಮ್ಮದೂ ಸೇರಿ ಐದು ಸೀಟು ಹಿಡಿದಿದ್ದರು. ಬಂದದ್ದು ಅವರ ಹೆಂಡತಿ ಒಬ್ಬರೇ. ಬಸ್ಸು ಹೊರಟಿತು. ಒಳಗೆ ಉಸಿರಾಡಲು ಜಾಗ ಇಲ್ಲ, ಮೂರು ಸೀಟಿನಲ್ಲಿ ಮನುಷ್ಯರೇ ಇಲ್ಲ.

ನಿಂತಿದ್ದ ಮುದುಕಿಯೊಬ್ಬಳು ಕೇಳಿದಳು: "ಎಲ್ಲಿ ಅದಾರಪಾ ನಿನ್ನ ಮಂದಿ?"

"ಬರಾಕತ್ತಾರ ಆಯಿ. ಮುಂದಿನ ಸ್ಟಾಪಿನಾಗ ಹತ್ತತಾರ."

ಮುಂದಿನ ಸ್ಟಾಪು ಹೋಯಿತು. ಅದರ ಮುಂದಿನದೂ ಹೋಯಿತು.

"ಹುಟ್ಟಿದಾರೇನು, ಇಲ್ಲಾ ಇನ್ನ ಹುಟ್ಟೂರೋ?" ಅಂದಳು ಮುದುಕಿ. ಬಸ್ಸು ಪೂರ್ತಿ ನಕ್ಕಿತು. ನಾನು ನಗಲಿಲ್ಲ. ಆ ಟವಲನ್ನೇ ನೋಡುತ್ತಿದ್ದೆ.

ಫೋನ್ ತೆಗೆದೆ.

"ಸರ, ಟವಲ್ ಹಾಕ್ಯಾರ್ರೀ."

"ಯಾರು?"

"ನಮ್ಮ ಏಳೂ ಮಷೀನು. ಹೊಸಾ ಡಬ್ಬಿದಾಗ."

"ಪರಶ್ಯಾ, ಮಳ್ಯಾಗ ತೊಯ್ದು ಜ್ವರಾ ಬಂದಾವೇನು?"

ನಾನು ಬಿಡಲಿಲ್ಲ. ಬಿಡಿಸಿ ಹೇಳಿದೆ. ವರ್ಷಗಳ ಹಿಂದೆ ಮಷೀನು ಮಾಡಿಕೊಡುವಾಗ ಎಕ್ಸ್‌ರೇದವರು ದೊಡ್ಡ ಜಾಗ ಕೇಳಿದ್ದರು. ಅದು ಅವರಿಗೆ ಬೇಕಿತ್ತು. ಅದನ್ನು ಕೇಳಿ ಆಫೀಸಿನವರೂ ಬಂದರು, ಎಕ್ಸ್‌ರೇದವರಿಗೆ ಎಷ್ಟೋ ನಮಗೂ ಅಷ್ಟೇ, ನಾವೇನು ಕಡಿಮೆಯೇ ಅಂತ. ಆಮೇಲೆ ಸ್ಟೋರಿನವರು. ಸರ್ ಎಲ್ಲರಿಗೂ ಕೇಳಿದಷ್ಟು ಬರೆದುಕೊಟ್ಟರು. ಜಗಳ ಯಾಕೆ, ಕಾಗದದ ಮೇಲೆ ಕೊಟ್ಟರೆ ಏನು ಹೋಗುತ್ತದೆ? ಹಳೇ ಡಬ್ಬಿಯಲ್ಲಿ ಏನೂ ಹೋಗುತ್ತಿರಲಿಲ್ಲ. ಅದು ಬಂದಷ್ಟು ಮಂದಿಗೆ ಮಾತ್ರ ಸೀಟು ಕೊಡುತ್ತಿತ್ತು. ಹೊಸ ಡಬ್ಬಿ ಹಾಗಲ್ಲ. ನಾವು ಅದನ್ನು ಸಜ್ಜು ಮಾಡಿದ ರೀತಿಯಲ್ಲಿ, ಐದು ಸೀಟು ಅಂತ ಬರೆದಿದ್ದರೆ ಒಬ್ಬನೇ ಬಂದರೂ ಐದನ್ನೂ ಕೊಟ್ಟು ಕೂರುತ್ತದೆ. ಗೋಡೆಯ ಮೇಲೆ ನಾವು ಎಣಿಸಿದ್ದು ಮಂದಿಯನ್ನು. ಡಬ್ಬಿ ಎಣಿಸಿದ್ದು ಟವಲುಗಳನ್ನು.

ಆ ಕಡೆ ಸರ್ ಟವಲು, ಟವಲು ಅಂತ ತಮ್ಮಷ್ಟಕ್ಕೇ ಅಂದುಕೊಂಡರು.

"ಸಾಗಸೂ ಮುಂದ ಪರದಿ ಮ್ಯಾಲೆ ಏನೋ ಕೇಳತಿತ್ತಲ್ಲ" ಅಂದರು ಸರ್, ನಿಧಾನವಾಗಿ. "ಏನ ಬರದಿತ್ತು?"

"ಏನೋ ಬರದಿತ್ರಿ. ಪೂರಾ ಓದಲಿಲ್ಲ. ಒತ್ತಿದೆ."

"ಏಳೂ ಸಲ?"

"ಏಳೂ ಸಲ."

ಬೈಯುತ್ತಾರೆ ಅಂತ ಕಾದೆ. "ನಿಮ್ಮೂರ ಗುಂಜಿ ಎಷ್ಟು ಸೀಟ ಹಿಡದೈತಿ ನೋಡತೇನಿ, ತಡಿ" ಅಂದರು. ಕೀಲಿ ಒತ್ತುವ ಸದ್ದು ಕೇಳಿತು. ಆಮೇಲೆ ಅವರು ನಗಲು ಶುರು ಮಾಡಿದರು. "ಒಳಗ ಇಪ್ಪತ್ತರಾಗ ಒಂದ ಪಾಲೂ ಇಲ್ಲೋ. ಬರೇ ನಾಕ ಪತ್ರ ಅದಾವ. ಹಿಡದಿದ್ದ ಜಾಗ ನೋಡಿದ್ರ ಎಕ್ಸ್‌ರೇದಷ್ಟ ಐತಿ. ಲಗೂ ಬಾ."

ಲಗೂ ಬರುವುದು ನನ್ನ ಕೈಯಲ್ಲಿತ್ತೇ? ಡ್ರೈವರ್ ಹೆಗಲ ಮೇಲೆ ಕುಳಿತು ಓಡಿಸಬೇಕು ಅನ್ನಿಸಿತು. ಎದ್ದು, ನನ್ನ ಸೀಟು ಮುದುಕಿಗೆ ಕೊಟ್ಟೆ. ಬೆಳಗಾವಿ ತನಕ ಸರ್ವರನ್ನು ಹಿಡಿದುಕೊಂಡು ಬಂದದ್ದು ಅವಳೇ.

ಆವತ್ತು ಮಧ್ಯಾಹ್ನವೇ ಗಣಪತಿಯ ಬೂದಿ ಒರೆಸಿ ಸರ್ವರ್ ಹಚ್ಚಿದೆವು. ಅದನ್ನು ಹಳೇ ರೀತಿಯಲ್ಲೇ ಸಜ್ಜು ಮಾಡಿದೆವು, ಬಂದಷ್ಟು ಮಂದಿಗೆ ಮಾತ್ರ ಸೀಟು. ಈ ಸಲ ಪರದೆ ಕೇಳಿದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಬರೆದಷ್ಟೂ ಜಾಗ ಹಿಡಿಯಲೋ, ಬಳಸಿದಷ್ಟೇ ಸಾಕೋ ಅಂತ ಅದು ಕೇಳುತ್ತಿತ್ತು. ಸರ್ ಕಾದರು. ಗುಂಜಿ ಹೋಯಿತು, ನಂದಗಡ ಹೋಯಿತು. ಹೊಸ ಡಬ್ಬಿಯಲ್ಲಿ ಎರಡು ದೊಡ್ಡ ಟವಲು ಎದ್ದವು. ಹಲಸಿಗೆ ಬೇಕಾದಷ್ಟು ಜಾಗ ಆಯಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಹಲಸಿ. ಹಿಂದಿನ ಸಂಜೆಯೇ ಸುಮನಕ್ಕನಿಗೆ ನಾಳೆ ಅಂತ ತಿಳಿಸಿದ್ದೆ; ಶುರು ಮಾಡುವ ಮುಂಚೆ ಹೇಳಿದ ಮಾತಿನಂತೆ ಮತ್ತೆ ಫೋನ್ ಹಚ್ಚಿದೆ. ಹತ್ತಲಿಲ್ಲ. ಖಾನಾಪುರದ ಮಳೆಗೆ ಮೊಬೈಲ್ ಟವರು ಮಲಗಿತ್ತು. ಆಸ್ಪತ್ರೆಯ ಕಂಪ್ಯೂಟರ್ ಲೈನು ನೆಲದೊಳಗಿನ ಕೇಬಲ್ಲು, ಅದು ನಡೆದಿತ್ತು. ಅವರು ಹೆಸರು ಬರೆಯುತ್ತಿರುವುದು ನಮಗೆ ಪರದೆಯ ಮೇಲೆ ಕಾಣುತ್ತಿತ್ತು. ಇನ್ನು ಕಾಯುವಂತಿರಲಿಲ್ಲ. ಸರ್ ತಲೆ ಆಡಿಸಿದರು. ಒತ್ತಿದೆ.

ಉಳಿದವು ಓಡಿದ್ದವು. ಹಲಸಿ ತೆವಳಿತು. ಹನ್ನೊಂದೇ ಡಿಸ್ಕು, ಅವೂ ಮುದುಕರು. ಹನ್ನೆರಡು ಗಂಟೆಗೆ ನೂರರಲ್ಲಿ ಇಪ್ಪತ್ತು ಪಾಲು. ಮೂರಕ್ಕೆ ಐವತ್ತು. ಅರವತ್ತೆಂಟಕ್ಕೆ ಬಂದಾಗ ಹಳೇ ಡಬ್ಬಿಯ ಏಳನೇ ಡಿಸ್ಕಿನ ಹಸಿರು ದೀಪ ಹಳದಿ ಆಯಿತು. ಮತ್ತೆ ಹಸಿರು. ಮತ್ತೆ ಹಳದಿ. ಒಳಗಿನಿಂದ ಕಟ್ ಕಟ್ ಅಂತ ಸದ್ದು.

"ನಿಲ್ಲಿಸೂಣೇನ್ರಿ ಸರ?"

"ನಿಲ್ಲಿಸಿದ್ರ ಮತ್ತ ಸೊನ್ನೆಯಿಂದ. ಅಷ್ಟ ಆಯುಷ್ಯ ಇಲ್ಲ ಅದಕ್ಕ."

ಸರ್ ಕುರ್ಚಿ ಎಳೆದು ಹಳೇ ಡಬ್ಬಿಯ ಮುಂದೆ ಕುಳಿತರು. ಅದರ ಮೇಲೆ ಅಂಗೈ ಇಟ್ಟರು. ಕಾದ ಹಣೆ ಮುಟ್ಟಿದ ಹಾಗೆ. ನಾನು ಪರದೆ, ಅವರು ದೀಪ. ನಾನು ಪಾಲು ಎಣಿಸಿ ಹೇಳುವುದು, ಅವರು ಬಣ್ಣ ಹೇಳುವುದು.

"ಎಪ್ಪತ್ತೊಂಬತ್ತು."

"ಹಸರು."

"ಎಂಬತ್ತು."

"ಹಳದಿ. ಹಳದಿ. ಹಸರು."

ಆರು ಹೊಡೆಯಿತು. ಅವರ ಊಟದ ಡಬ್ಬಿ ಮೇಜಿನ ಮೇಲೆ ಹಾಗೇ ಇತ್ತು. ಊಟ ಮಾಡಿ ಬನ್ನಿ, ನಾನು ಎರಡನ್ನೂ ನೋಡುತ್ತೇನೆ ಅಂದೆ. "ಹಳದಿ" ಅಂದರು. ಆರೂವರೆ. ಮತ್ತೆ ಹೇಳಿದೆ. "ಎಷ್ಟಾತು?" ಅಂದರು ಅಷ್ಟೇ. ಕ್ಯಾಲೆಂಡರಿನ ಹೊತ್ತು ದಾಟಿಹೋಯಿತು. ಅವರು ತಲೆ ಎತ್ತಿ ಗಡಿಯಾರ ನೋಡಿ, ಮತ್ತೆ ದೀಪ ನೋಡಿದರು. ಇನ್ನು ಅವರಿಗೆ ನಾಳೆ ಬೆಳಗಾಗುವ ತನಕ ಅನ್ನ ಇಲ್ಲ.

ತೊಂಬತ್ತೇಳು. ತೊಂಬತ್ತೆಂಟು. ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಆಗ ಸರ್ "ಪರಶ್ಯಾ" ಅಂದರು. ತಿರುಗಿ ನೋಡಿದೆ. ಹಳೇ ಡಬ್ಬಿಯ ದೀಪಗಳು ವರ್ಷಗಟ್ಟಲೆ ಮಿಣಕ್ ಮಿಣಕ್ ಅನ್ನುತ್ತಿದ್ದವು. ಈಗ ಒಂದೂ ಮಿಣುಕಲಿಲ್ಲ. ಎಲ್ಲ ಸುಮ್ಮನೆ ಉರಿಯುತ್ತಿದ್ದವು. ಕೇಳುವವರೇ ಇಲ್ಲದ ಮನೆಯಂತೆ. ಪರದೆ ನೋಡಿದೆ. ನೂರು. ಹೊಸ ಡಬ್ಬಿಯಲ್ಲಿ ಹಲಸಿ ಓಡುತ್ತಿತ್ತು.

ನಾನು ಕೂಗಿದ್ದು ಕೇಳಿ ನರ್ಸ್ ಓಡಿಬಂದಳು, ಯಾರೋ ಹೋದರು ಅಂತ.

ಆ ಏಳನೇ ಡಿಸ್ಕು ಎರಡು ದಿನ ಬಿಟ್ಟು ಸತ್ತಿತು. ಒಳಗೆ ಯಾರೂ ಇರಲಿಲ್ಲ. ಪುಣೆಯವರು ಬರುವ ಹೊತ್ತಿಗೆ ಸರ್ ಹೊಸ ಡಬ್ಬಿಯನ್ನೂ ಬಂದಷ್ಟು ಮಂದಿಗೆ ಸೀಟು ಕೊಡುವ ರೀತಿಗೆ ತಂದಿದ್ದರು. ಮುಂದಿನ ತಿಂಗಳು ಅಕ್ಕ ಹೆರಿಗೆಗೆ ಬಂದಳು. ಚೀಟಿ ಎಲ್ಲಿ ಅಂದರೆ, ಮನೆಯಲ್ಲಿ ಸೋರಿ ಹಿಟ್ಟಾಗಿದೆ ಅಂದಳು. ಸುಮನಕ್ಕ ಹಲಸಿ ತೆಗೆದು ಎಲ್ಲ ಓದಿ ಹೇಳಿದರು. ಹೆಣ್ಣು ಮಗು.

ಆದರೆ ನಾನು ಹೇಳಬೇಕಿದ್ದುದು ಹಲಸಿ ದಾಟಿದ ಆ ಸಂಜೆಯದು. ಸರ್ ತಮ್ಮ ಊಟದ ಡಬ್ಬಿ ನನ್ನ ಕಡೆ ತಳ್ಳಿದರು. "ತಿನ್ನು. ಕೆಡಸಬಾರದು." ನಾನು ಬೇಡ ಅನ್ನಲಿಲ್ಲ, ಹಸಿದಿದ್ದೆ. ಚಪಾತಿ, ಹೆಸರುಕಾಳಿನ ಪಲ್ಯ. ಅವರು ಎದುರಿಗೆ ಕುಳಿತು, ನಾನು ತಿನ್ನುವುದನ್ನು ನೋಡುತ್ತಿದ್ದರು, ತಾವೇ ಉಂಡವರ ಹಾಗೆ. ಆಗ ನನ್ನ ಫೋನ್ ಹೊಡೆದುಕೊಂಡಿತು. ಖಾನಾಪುರದ ಟವರು ಎದ್ದಿತ್ತು. ಸುಮನಕ್ಕ.

"ಪರಶ್ಯಾ, ಮುಂಜಾನಿಂದ ಹಾಳಿ ಪೆನ್ನು ಹಿಡಕೊಂಡ ಕುಂತೇನಿ. ಹಲಸಿ ಒಮ್ಮೆನೂ ಬಂದ್ ಬಿದ್ದಿಲ್ಲ. ಮನೀಗೆ ಹೋಗೂ ಹೊತ್ತಾತು. ಹಲಸಿನ ಎಬ್ಬಸೂದು ಯಾವಾಗ ಚಾಲೂ ಮಾಡತೀರಿ?"

ಬಾಯಿ ತುಂಬ ಚಪಾತಿ ಇತ್ತು. ಫೋನನ್ನು ಸರ್ ಕೈಗೆ ಕೊಟ್ಟೆ.

ಇಷ್ಟೇ. ನನ್ನ ಹತ್ತಿರ ಇನ್ನೇನೂ ಇಲ್ಲ. ಏಣಿ ತರಲು ಮತ್ತೆ ಹೋಗಬೇಕು.